ಪಾಲಾಗದ ಹುಲ್ಲು

ನ್ಯಾಯ ಅಂದರೆ ಚಿಕ್ಕಬೋರಮ್ಮನಿಗೆ ಒಂದು ಹುಚ್ಚು. ಹಬ್ಬಕ್ಕೆ ಒಬ್ಬಟ್ಟು ಮಾಡಿದರೂ ಎಲೆಗಿಷ್ಟು ಎಂದು ಎಣಿಸಿ ಬಡಿಸುವ ಹೆಂಗಸು. ಬಿಂಡಿಗನವಿಲೆ ಕಡೆಯ ಆ ಊರಿನ ಬೋಳುಗುಡ್ಡಕ್ಕೆ ತೊಂಬತ್ಮೂರರಲ್ಲಿ ಸಸಿ ನೆಟ್ಟಾಗ, ಎರಡು ಬೇಸಿಗೆ ಕೊಡದಲ್ಲಿ ನೀರು ಹೊತ್ತವರಲ್ಲಿ ಅವಳೇ ಮುಂದು. ಐದು ವರ್ಷಕ್ಕೆ ಹೊಂಗೆ, ಬೇವು ಆಳೆತ್ತರ ದಾಟಿದ್ದವು. ಸುಮ್ಮನೆ ಅವನ್ನು ನೋಡುವುದಕ್ಕೆಂದೇ ಅವಳು ಸಂಜೆ ಗುಡ್ಡ ಹತ್ತುತ್ತಿದ್ದಳು.

ಆ ಮಾಘದಲ್ಲಿ ಊರಿನ ಅರಣ್ಯ ಸಮಿತಿಯವರು ಗುಡ್ಡದ ಸುತ್ತ ಬೆಂಕಿ ಲೈನು ತೆಗೆದರು. ಗಾಡಿದಾರಿಯ ಅಗಲಕ್ಕೆ ಹುಲ್ಲು ಕುಯ್ದು ನೆಲ ಬೋಳಿಸಿದರೆ ಹೊರಗಿನ ಬೆಂಕಿ ಒಳಕ್ಕೆ ದಾಟುವುದಿಲ್ಲ. ಕುಯ್ದ ಹುಲ್ಲು ಮಾತ್ರ ಲೈನಿನ ಮೇಲೆಯೇ ಉದ್ದಕ್ಕೂ ಬಿದ್ದಿತ್ತು.

ಫಾರೆಸ್ಟ್ ಗಾರ್ಡು ನಾಗೇಂದ್ರ ಬಂದು ನೋಡಿ ಹಣೆ ಚಚ್ಚಿಕೊಂಡ. "ಇದನ್ನ ಮೊದ್ಲು ಸಾಗಿಸಿ ಅಮ್ಮಾ. ಹೀಗೇ ಬಿಟ್ರೆ ಲೈನು ತೆಗೆದೂ ದಂಡ."

"ಸಾಗಿಸುದ್ರೆ ಓದ್ವರ್ಸದಂಗೆ ಕರಿಯಪ್ಪನ ಇತ್ಲು ಸೇರ್ತದೆ ಸ್ವಾಮಿ. ಸಮಿತಿ ಕೂತು ಮನೆಗಿಷ್ಟು ಅಂತ ಪಾಲು ಮಾಡ್ಲಿ. ಅಲ್ಲೀಗಂಟ ಒಂದು ಕಡ್ಡಿ ಮುಟ್ಕೂಡ್ದು," ಎಂದಳು ಚಿಕ್ಕಬೋರಮ್ಮ.

ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಹಿಂದಿನ ವರ್ಷ ಊರಿನ ದೊಡ್ಡ ಕುಳ ಕರಿಯಪ್ಪ ಟ್ರಾಕ್ಟರು ತಂದು ಅಷ್ಟೂ ಹುಲ್ಲನ್ನು ಬಾಚಿಕೊಂಡು ಹೋಗಿದ್ದ. ಒಂದೊಂದು ಹಸು ಕಟ್ಟಿದವರಿಗೆ ಒಂದು ಹೊರೆಯೂ ಸಿಕ್ಕಿರಲಿಲ್ಲ. ಅದಕ್ಕೇ ಈ ಸಲ ಅವರೆಲ್ಲ ಅವಳ ಬೆನ್ನಿಗೆ ನಿಂತರು.

ಸಮಿತಿ ಕೂತಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಮನೆಗಿಷ್ಟೋ, ದನಕ್ಕಿಷ್ಟೋ? ಮುಂದಿನ ಸೋಮವಾರ ಅಂದರು. ಸೋಮವಾರ ಯಾರದೋ ಮದುವೆ. ಶಿವರಾತ್ರಿ ಕಳೆಯಲಿ ಅಂದರು, ಅದೂ ಕಳೆಯಿತು. ಹುಲ್ಲು ಮುಟ್ಟಿದರೆ ಮುರಿಯುವಷ್ಟು ಒಣಗಿತು. ಚಿಕ್ಕಬೋರಮ್ಮ ದಿನಾ ಹೋಗಿ ಕಾವಲು ಕೂತಳು, ಬೆಂಕಿಗೆ ಹೆದರಿ ಅಲ್ಲ, ಕರಿಯಪ್ಪನಿಗೆ ಹೆದರಿ.

ಒಂದು ಮಧ್ಯಾಹ್ನ ಗುಡ್ಡದ ಆಚೆ ಬದಿಯಲ್ಲಿ, ಲೈನಿನ ಹೊರಗೆ, ಕುರಿಯವರು ಯಾರೋ ಹಳೇ ಹುಲ್ಲಿಗೆ ಕಡ್ಡಿ ಗೀರಿದರು. ಸುಟ್ಟರೆ ಮೊದಲ ಮಳೆಗೆ ಎಳೆಹುಲ್ಲು ಬರುತ್ತದೆ ಅನ್ನುವುದು ತಾತಂದಿರ ಕಾಲದ ನಂಬಿಕೆ. ಬೆಂಕಿ ಹಬ್ಬುತ್ತ ಲೈನಿನವರೆಗೆ ಬಂದು, ಅಲ್ಲಿ ನಿಲ್ಲುವ ಬದಲು ಒಣಹುಲ್ಲಿಗೆ ಹತ್ತಿ, ಗುಡ್ಡವನ್ನು ಸುತ್ತುವರಿದು ಎಲ್ಲ ಕಡೆಯಿಂದಲೂ ಒಳಕ್ಕೆ ನುಗ್ಗಿತು. ಚಿಕ್ಕಬೋರಮ್ಮ ಬರಿಗೈಯಲ್ಲಿ ಹುಲ್ಲು ಎಳೆದೆಳೆದು ಎಸೆದಳು. ಗಂಡ ಶಿವಲಿಂಗಯ್ಯ ರಟ್ಟೆ ಹಿಡಿದು ಈಚೆಗೆ ಎಳೆಯದಿದ್ದರೆ ಅವಳೂ ಉಳಿಯುತ್ತಿರಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ಗುಡ್ಡದಲ್ಲಿ ಒಂದು ಹಸಿರೆಲೆ ಇರಲಿಲ್ಲ.

ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹಾಳಾಗಿ ಹೋಗಲಿ, ಹುಲ್ಲನ್ನು ಕರಿಯಪ್ಪನೇ ಹೊತ್ತೊಯ್ದಿದ್ದರೂ ಮರಗಳಾದರೂ ಇರುತ್ತಿದ್ದವಲ್ಲ ಎಂದು ಅವಳು ರಾತ್ರಿಯೆಲ್ಲ ಅಂದುಕೊಂಡಳು.

ಮಾರನೆಯ ಬೆಳಿಗ್ಗೆ ಜನ ಮಚ್ಚು, ಹಗ್ಗ ಹಿಡಿದು ಅವಳ ಬಾಗಿಲಿಗೆ ಬಂದರು. ಒಂದೇ ಹಸುವಿನಲ್ಲಿ ಬದುಕುವ ಚಲುವಮ್ಮ ಮುಂದೆ ಬಂದಳು.

"ಅಕ್ಕಾ, ಸುಟ್ಟಿರೋ ಮರನೆಲ್ಲ ಸೌದೆಗೆ ಕಡೀತಾವ್ರೆ. ಕರಿಯಪ್ಪನ ಟ್ರಾಕ್ಟರು ಆಗ್ಲೇ ಗುಡ್ಡಕ್ಕೆ ಒಂಟೋಯ್ತು. ಬಾ, ನೀನೇ ನಿಂತ್ಕಂಡು ಮನೆಗಿಷ್ಟು ಅಂತ ಪಾಲು ಮಾಡ್ಕೊಡು."

ಚಿಕ್ಕಬೋರಮ್ಮ ಅವರೆಲ್ಲರ ಮುಖ ನೋಡಿದಳು.

"ನಾನ್ ಬರಾಕಿಲ್ಲ ಕಣವ್ವ. ಅವ್ನೇ ತಕಂಡೋಗ್ಲಿ, ಬುಟ್ಬುಡಿ," ಎಂದು ಬಾಗಿಲು ಹಾಕಿಕೊಂಡಳು.