ಎದೆಮಟ್ಟದ ನೀರು

ನಾನು ಸಾಯಲು ಹೋಗಿರಲಿಲ್ಲ. ಹಾಗೆಂದು ಇವತ್ತಿಗೂ ಮನೆಯಲ್ಲಿ ಬಾಯಿ ಬಿಟ್ಟಿಲ್ಲ.

ಅರವತ್ತೆರಡನೆಯ ಇಸವಿಯಲ್ಲಿ ನನಗೆ ನಲವತ್ತಾರು. ಮದುವೆಯಾಗಿ ಬಂದಾಗಿನಿಂದ ಲಕಮನಹಳ್ಳಿಯ ಬಾವಿಯ ಮೆಟ್ಟಿಲು ಹತ್ತಿಳಿದು ದಿನಕ್ಕೆ ಹದಿನಾಲ್ಕು ಕೊಡ ನೀರು ಹೊತ್ತಿದ್ದೆ. ಇಬ್ಬರು ಗಂಡುಮಕ್ಕಳು ನನ್ನ ಎತ್ತರ ಮೀರಿ ಬೆಳೆದರೂ ಕೊಡ ನನ್ನ ಸೊಂಟ ಬಿಡಲಿಲ್ಲ. ಆ ವರ್ಷ ಮೊಣಕಾಲು ಬಾತು, ಕೂತರೆ ಏಳಲು ಗೋಡೆ ಹಿಡಿಯಬೇಕಾಯಿತು.

ಧಾರವಾಡದ ದವಾಖಾನೆಯಲ್ಲಿ ಡಾಕ್ಟರು ಚೀಟಿ ಬರೆದುಕೊಟ್ಟರು. "ಕೊಡಾ ಹೊರೂದು ಬಂದ್ ಮಾಡ್ರಿ. ದಿನಾ ಅರ್ಧಾ ತಾಸು ಎದಿಮಟ ನೀರಾಗ ನಡೀರಿ. ನಿಮ್ಮ ಭಾರ ನೀರು ಹೊರತದ, ಮೊಣಕಾಲು ಸಡ್ಲ ಆಗ್ತಾವ. ಇಲ್ಲಾಂದ್ರ ಎರಡು ವರ್ಷದಾಗ ಹಾಸಗಿ ಹಿಡೀತೀರಿ."

ಕಚೇರಿಯಲ್ಲಿ ಕಾಗದಪತ್ರ ಒಯ್ಯುವ ಪಟ್ಟೇವಾಲಾ ಆಗಿದ್ದ ನನ್ನ ಗಂಡ ಗೋವಿಂದಪ್ಪ ಚೀಟಿ ಓದಿ ನಕ್ಕರು. "ನಮ್ಮ ಎಮ್ಮಿ ದಿನಾ ಕೆರ್ಯಾಗ ನಿಂದರತೈತಿ. ಅದಕ್ಕ ಯಾವ ಡಾಕ್ಟರ ಹೇಳ್ಯಾನ?" ಎಂದು ಅದನ್ನು ದೀಪದ ಗೂಡಿನಲ್ಲಿ ತುರುಕಿದರು.

"ಹಂಗಾರ ನೀರ ತರಾವ್ರ್ಯಾರು?" ಎಂದರು ಅತ್ತೆ. ಮರುದಿನ ನಾನೇ ತಂದೆ.

ಆದರೆ ಕಾಲು ಹೋಗಿಬಿಟ್ಟರೆ ಗತಿಯೇನೆಂದು ಹೆದರಿಕೆಯಾಯಿತು. ನಸುಕಿನಲ್ಲಿ ಬಯಲಿಗೆ ಹೋಗುವ ನೆಪ ಮಾಡಿ, ಒಣಸೀರೆಯನ್ನು ದಂಡೆಯ ಮೇಲೆ ಮಡಿಸಿಟ್ಟು ಕೆರೆಗಿಳಿದೆ. ನೀರು ಎದೆಗೆ ಬಂದದ್ದೇ ತಡ, ಮೈಯ ಭಾರವೆಲ್ಲ ಎಲ್ಲಿ ಹೋಯಿತೋ. ಹೊಸದಾಗಿ ಮದುವೆಯಾಗಿ ಬಂದವಳಂತೆ ಹೆಜ್ಜೆ ಹಾಕಿದೆ. ಹೀಗೆ ಎಂಟು ಬೆಳಗು ನಡೆದೆ. ದಿನದ ಆ ಅರ್ಧ ತಾಸು ಮಾತ್ರ ನನಗೆ ದಣಿವಿರಲಿಲ್ಲ.

ಒಂಬತ್ತನೆಯ ದಿನ ಎಮ್ಮೆ ತೊಳೆಯಲು ಬಂದ ನಮ್ಮ ಓಣಿಯ ಮೈಲಾರಪ್ಪ ದಂಡೆಯ ಮೇಲಿನ ಸೀರೆ ನೋಡಿದ, ನೀರಿನಲ್ಲಿ ನನ್ನ ತಲೆ ನೋಡಿದ. ಹೆಂಗಸು ಒಂಟಿಯಾಗಿ ಕೆರೆಗಿಳಿದರೆ ನಮ್ಮೂರಲ್ಲಿ ಅದಕ್ಕೆ ಒಂದೇ ಅರ್ಥ. ಧುಮುಕಿ, ತುರುಬು ಹಿಡಿದು ಎಳೆತಂದ. ಮೂಗಿಗೆ ನೀರು ಹೊಕ್ಕು ನನಗೆ ಮಾತೇ ಹೊರಡಲಿಲ್ಲ.

"ಯಾಕ ಶೇವಂತಕ್ಕಾ, ಮಕ್ಕಳ ಮಾರಿ ನೆನಪಾಗಲಿಲ್ಲೇನ?" ಎಂದು ಅವನೇ ಅತ್ತ.

ಮನೆಯಲ್ಲಿ ಗಂಡ ನನ್ನ ಕಾಲ ಬಳಿ ಕುಸಿದು ಕೂತರು. "ನಿನಗೇನ ಕಡಿಮಿ ಮಾಡೇನಿ, ಹೇಳ."

ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಬಿಸಿ ಹಾಲಿನ ಬಟ್ಟಲು ತಂದು ನನ್ನ ಕೈಗಿಟ್ಟರು. ಈ ಮನೆಗೆ ಬಂದ ಮೇಲೆ ಅದು ಮೊದಲ ಸಲ. ಅಂಗಳದಲ್ಲಿ ಕೊಡಗಳ ಸದ್ದಾಯಿತು. ಮಕ್ಕಳಿಬ್ಬರೂ ಬಾವಿಗೆ ಹೊರಟಿದ್ದರು. ನಾನು ಬಾಯಿ ಮುಚ್ಚಿಕೊಂಡು ಹಾಲು ಕುಡಿದೆ.

ಎಲ್ಲರೂ ಹೊರಗಿದ್ದಾಗ, ಗಂಡನಿಗೆ ನೆನಪಾಗುವ ಮೊದಲೇ, ಗೂಡಿನಲ್ಲಿದ್ದ ಡಾಕ್ಟರ ಚೀಟಿ ತೆಗೆದು ಒಲೆಗೆ ಹಾಕಿದೆ.

ಸಂಜೆ ಗಂಡ ನನ್ನ ಕೈಯನ್ನು ತಮ್ಮ ತಲೆಯ ಮೇಲಿಟ್ಟುಕೊಂಡರು. "ಇನ್ನ ಎಂದೂ ಕೆರಿ ಕಡಿ ಹೋಗೂದಿಲ್ಲಂತ ಆಣಿ ಮಾಡು."

"ಹೋಗೂದಿಲ್ರಿ" ಎಂದೆ. ಆ ಎಂಟು ಬೆಳಗು ನೆನಪಾಗಿ, ದುಃಖ ತಡೆಯಲಾರದೆ ಬಿಕ್ಕಿ ಬಿಕ್ಕಿ ಅತ್ತೆ.

ಗಂಡ ಹೆದರಿಬಿಟ್ಟರು. ಮನೆಯ ಹಂಡೆಗಳೆಲ್ಲ ತುಂಬಿದ್ದರೂ, ತಾವೇ ಕೊಡ ಎತ್ತಿಕೊಂಡು ಬಾವಿಗೆ ಓಡಿದರು.