ಉಗ್ರಾಣದಲ್ಲಿ ಹಚ್ಚಿದ ಒಲೆ

"ಅಮ್ಮಾ, ಹೊರಟ್ಯಾ?" ಎಂದು ಮಗಳು ಫೋನಿನಲ್ಲಿ ಕೇಳಿದಾಗ ಅವಳು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು. "ಇನ್ನೇನು ಪುಟ್ಟೀ, ಬ್ಯಾಗ್ ತಗೊಂಡೆ."

ಬ್ಯಾಗ್ ಆಫೀಸಿನ ಕುರ್ಚಿಯ ಕೆಳಗೇ ಬಿದ್ದಿತ್ತು. ಮಗಳ ಮುರಿದ ಕೈಗೆ ಹಾಕಿದ್ದ ಪ್ಲಾಸ್ಟರನ್ನು ಇವತ್ತು ಆಸ್ಪತ್ರೆಯಲ್ಲಿ ತೆಗೆಯುವವರಿದ್ದರು. ಪ್ಲಾಸ್ಟರ್ ಕೊಯ್ಯುವ ಗರಗಸದ ಸದ್ದೆಂದರೆ ಹುಡುಗಿಗೆ ಜೀವ ಹೋಗುವಷ್ಟು ಹೆದರಿಕೆ. ಅಮ್ಮ ಪಕ್ಕದಲ್ಲಿ ಇರಲೇಬೇಕೆಂದು ಹಟ ಹಿಡಿದಿದ್ದಳು. ಬಸ್ಸಿನ ಟಿಕೆಟ್ ಯಂತ್ರಕ್ಕೆ ಬೇಕಾದ ಆಪರೇಟಿಂಗ್ ಸಿಸ್ಟಮ್ಮನ್ನು ಮೂಲ ಕೋಡಿನಿಂದ ಕಂಪೈಲ್ ಮಾಡಿ ತಯಾರಿಸಲು ಕಂಪ್ಯೂಟರಿಗೆ ಹಚ್ಚಿಬಿಟ್ಟರೆ ಅಮ್ಮ ಎದ್ದು ಹೋಗಬಹುದಿತ್ತು. ಮಿಕ್ಕಿದ್ದು ಅದರ ಪಾಡಿಗೆ ಅದು ನಡೆಯುತ್ತದೆ. ಆದರೆ ಹಚ್ಚುವುದೇ ಆಗುತ್ತಿರಲಿಲ್ಲ.

ಮೂಲ ಕೋಡ್ ಒಂದು ಫೋಲ್ಡರಿನಲ್ಲಿ, ಅದರಿಂದ ತಯಾರಾಗುವುದೆಲ್ಲ ಬೇರೆ ಫೋಲ್ಡರಿನಲ್ಲಿ ಇರಬೇಕೆಂಬುದು ಆಫೀಸಿನ ಕಟ್ಟುನಿಟ್ಟು. ಎರಡರ ವಿಳಾಸವನ್ನೂ ಸರಿಯಾಗಿಯೇ ಕೊಟ್ಟಿದ್ದಳು. ಮತ್ತೆ ಕೊಟ್ಟಳು. ಹೊಸ ಫೋಲ್ಡರ್ ಮಾಡಿ ಕೊಟ್ಟಳು. ಪರದೆ ಮಾತ್ರ ಒಂದೇ ರಾಗ ಹಾಡುತ್ತಿತ್ತು: ಮೂಲ ಫೋಲ್ಡರ್ ಶುಚಿಯಾಗಿಲ್ಲ, ಮೊದಲು ಶುಚಿ ಮಾಡಿ.

ತೆರೆದು ನೋಡಿದರೆ ಒಳಗೆಲ್ಲ ಅರೆಬೆಂದ ಫೈಲುಗಳ ರಾಶಿ.

"ಏ ಆಮೇಲಪ್ಪಾ!"

ಎಲ್ಲವನ್ನೂ ಆಮೇಲೆ ಮಾಡೋಣ ಎನ್ನುವ ಸಹೋದ್ಯೋಗಿಗೆ ಆಫೀಸಿನವರು ಇಟ್ಟ ಹೆಸರದು. ಅವನು ಮೂಲೆಯ ಮೇಜಿನಿಂದ ಕತ್ತು ಚಾಚಿದ. "ಸುಮ್ನೆ ಒಂದ್ಸಲ ಮೂಲ ಫೋಲ್ಡರಲ್ಲೇ ಕಂಪೈಲ್ ಮಾಡಿ ಟೆಸ್ಟ್ ಮಾಡ್ದೆ ಅಕ್ಕಾ..."

"ಉಗ್ರಾಣದಲ್ಲೇ ಒಲೆ ಹಚ್ಚಿ ಬೇಯ್ಸಿದೀಯಲ್ಲೋ! ಬೂದಿ ಯಾರು ಬಾಚ್ಬೇಕು, ನಿಮ್ಮಪ್ಪನಾ?"

"ತಡೀರಿ, ಬಂದೆ ಬಂದೆ."

ಅವನು ಬರುವವರೆಗೆ ಕಾಯುವ ತಾಳ್ಮೆ ಯಾರಿಗಿತ್ತು? ಪೂರ್ತಿ ಶುಚಿ ಮಾಡುವ ಆದೇಶವನ್ನು ಬಡಿದು ಎಂಟರ್ ಒತ್ತಿದಳು. ಕಸವೆಲ್ಲ ಮಾಯವಾಯಿತು. ಅಬ್ಬಾ ಎನ್ನುವಷ್ಟರಲ್ಲಿ ಅವನು ಬಂದು ಪರದೆಗೆ ಬಗ್ಗಿದ, ಮುಖ ಇಳಿಯಿತು.

"ಅಕ್ಕಾ, ಸೆಟ್ಟಿಂಗ್ ಫೈಲೂ ಅಲ್ಲೇ ಇತ್ತಲ್ಲಾ..."

ಆ ಆದೇಶ ಸೆಟ್ಟಿಂಗನ್ನೂ ನುಂಗುತ್ತದೆಂದು ಹೊಸಬರಿಗೆಲ್ಲ ಪಾಠ ಮಾಡುತ್ತಿದ್ದವಳು ಅವಳೇ.

"ಕಾಪಿ ಇದೆ ತಾನೇ?"

ಅವನು ಕತ್ತು ತುರಿಸಿಕೊಂಡ. ಬಾಯಿಗೆ ಬಂದ ಬೈಗುಳವನ್ನು ಅವಳು ನುಂಗಿಕೊಂಡಳು. ಅರ್ಧ ಪಾಲು ತನಗೇ ಸಲ್ಲಬೇಕಿತ್ತು.

ಇಬ್ಬರೂ ಕೂತು ಯಂತ್ರಕ್ಕೆ ಏನೇನು ಬೇಕೆಂಬ ಸೆಟ್ಟಿಂಗುಗಳನ್ನು ಮೊದಲಿನಿಂದ ಒಂದೊಂದೇ ಆರಿಸತೊಡಗಿದರು. ಪ್ರಿಂಟರ್ ಬೇಕು, ರೇಡಿಯೊ ಬೇಡ. ಪಟ್ಟಿ ಮುಗಿಯುವಂತೆಯೇ ಕಾಣಲಿಲ್ಲ. ಫೋನ್ ಬಂತು.

"ತೆಗೆದುಬಿಟ್ರು ಅಮ್ಮಾ. ಇನ್ನೂ ಜನ ಕಾಯ್ತಿದ್ದಾರೆ, ತಡ ಮಾಡೋಕಾಗಲ್ಲ ಅಂದ್ರು."

"ನೋವಾಯ್ತಾ ಕಂದಾ?"

"ಇಲ್ಲ. ಅಜ್ಜಿ ಇದ್ರು. ನೀನು ಬ್ಯಾಗ್ ತಗೊಂಡೆ ಅಂದಿದ್ದೆ."

ಅವಳು ಬಾಯಿ ತೆರೆಯುವ ಮೊದಲೇ ಫೋನ್ ಅಜ್ಜಿಯ ಕೈಗೆ ಹೋಗಿತ್ತು.