ರೇಡಿಯೊದ ಗೊರಗೊರ

ನನ್ನ ತಮ್ಮನಿಗೆ ರೇಡಿಯೊ ಹುಚ್ಚು ಕೆರಳಿತು ಅಂದರೆ ಮನೆಯವರಿಗೆಲ್ಲ ಗ್ರಹಚಾರ. ಅವತ್ತು ಮಧ್ಯಾಹ್ನ ಊಟದ ಮೇಜನ್ನೇ ಆಕ್ರಮಿಸಿಕೊಂಡು, ತೀರಿಹೋದ ಅಪ್ಪನ ವಾಲ್ವ್ ರೇಡಿಯೊ ಬಿಚ್ಚಿಟ್ಟು ಕೂತಿದ್ದ. ಕೈಯಲ್ಲಿ ಪ್ಲಾಸ್ಟಿಕ್ ಸ್ಕ್ರೂಡ್ರೈವರ್. ಕಬ್ಬಿಣದ್ದು ತಾಗಿಸಿದರೆ ಒಳಗಿನ ತಂತಿಸುರುಳಿಯ ಲೆಕ್ಕವೇ ತಪ್ಪುತ್ತದಂತೆ.

"ಗಟ್ಟಿಯಾಗಿ ಬರೋ ಸ್ಟೇಷನ್ ಇಟ್ಕೊಂಡು ಹೊಂದಿಸಿದ್ರೆ ಮೋಸ ಹೋಗ್ತೀವಿ ಅಕ್ಕ. ದೂರದ್ದು, ಇನ್ನೇನು ಸತ್ತೇ ಹೋಯ್ತು ಅನ್ನೋ ಹಾಗೆ ಬರತ್ತಲ್ಲ, ಅದನ್ನ ಹಿಡಿದೇ ಸ್ಕ್ರೂ ತಿರುಗಿಸ್ಬೇಕು."

ಆ ಸಾಯೋ ಸ್ಟೇಷನ್ನಿಗೆ ಅಡ್ಡ ಬರುತ್ತಿದ್ದದ್ದು ಗೊರಗೊರ ಸದ್ದು. ಫ್ರಿಜ್ ಆರಿಸಿದ. ಸದ್ದು ತುಸು ತಗ್ಗಿತು. ಟ್ಯೂಬ್‌ಲೈಟ್ ಆರಿಸಿದ, ನನ್ನ ಫೋನಿನ ಚಾರ್ಜರ್ ಕಿತ್ತ. ಇನ್ನೂ ತಗ್ಗಿತು. ಉಳಿದದ್ದು ಒಂದೇ. ತಲೆಯೆತ್ತಿ ಮಹಡಿಯ ಕಡೆ ನೋಡಿದ. ಅಲ್ಲಿ ಅಮ್ಮ, ಅಮ್ಮನ ಆಕ್ಸಿಜನ್ ಮೆಷಿನ್. ಅದು ನಿಂತರೆ ಜೀವ ಹೆಚ್ಚು ಹೊತ್ತು ತಡೆಯುವುದಿಲ್ಲ ಅಂತ ಡಾಕ್ಟರು ಹೇಳಿದ್ದರು.

"ಅದರ ತಂಟೆಗೆ ಹೋದ್ಯೋ, ಕೈ ಮುರೀತೀನಿ!"

"ಥೂ, ನನ್ನೇನು ಕಟುಕ ಅನ್ಕೊಂಡ್ಯಾ? ಹಾಳಾದ್ದು ಅದೊಂದಿಲ್ದಿದ್ರೆ ಇಷ್ಟು ಹೊತ್ತಿಗೆ ಮುಗೀತಿತ್ತು ಅಂದೆ, ಅಷ್ಟೆ." ಗೊಣಗಿದರೂ ಮನೆಯೆಲ್ಲ ಕೇಳುವ ಹಾಗೇ ಗೊಣಗುತ್ತಾನೆ ಪುಣ್ಯಾತ್ಮ.

ಮೇಲಿನಿಂದ ಅಮ್ಮನ ಸೋತ ದನಿ: "ಒಂದು ಗಳಿಗೆ ಆರಿಸ್ಲಿ ಬಿಡೇ. ಪಾಪ, ಬೆಳಗ್ಗಿಂದ ಒದ್ದಾಡ್ತಿದಾನೆ."

"ನೀನು ಸುಮ್ನೆ ಮಲಕ್ಕೋಮ್ಮ!" ಗದರಿದೆ. ಮೊದಲಿಂದಲೂ ಹಾಗೇ. ಮಗ ಮುಖ ಸಪ್ಪಗೆ ಮಾಡಿದರೆ ಸಾಕು, ಇವಳಿಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಅಮ್ಮನ ಮಾತ್ರೆ ಮುಗಿದಿತ್ತು. ಮಹಡಿ ಹತ್ತಕೂಡದು ಅಂತ ಅವನಿಂದ ಆಣೆ ಹಾಕಿಸಿಕೊಂಡು, ಬೀದಿ ಕೊನೆಯ ಔಷಧಿ ಅಂಗಡಿಗೆ ಓಡಿದೆ. ಅಲ್ಲಿ ನೋಡಿದರೆ ಸಾಲೋ ಸಾಲು. ನಿಂತಲ್ಲಿ ನಿಲ್ಲಲಾಗಲಿಲ್ಲ ನನಗೆ.

ವಾಪಸು ಬರುವಾಗ ಗೇಟಿನ ಹತ್ತಿರವೇ ಹಾಡು ಕೇಳಿಸಿತು. ಯಾರೋ ಹೆಂಗಸಿನ ದನಿ, ಪಕ್ಕದಲ್ಲೇ ಕೂತು ಹಾಡಿದಷ್ಟು ನಿಚ್ಚಳ. ಒಂದು ಚೂರೂ ಗೊರಗೊರ ಇಲ್ಲ. ಒಳಗೆ ಓಡಿದೆ.

"ಏನೋ ಮಾಡ್ದೆ?"

"ನೋಡಿದ್ಯಾ ಕೈಚಳಕ!" ತಲೆಯೆತ್ತದೆ ನಕ್ಕ. "ಈ ಸ್ಕ್ರೂ ಸರಿಯಾಗಿ ಕೂತಿದ್ದೇ ತಡ, ಗೊರಗೊರ ಮಾಯ. ಕುರ್ಚಿ ಬಿಟ್ಟು ಎದ್ದಿಲ್ಲ, ಅಮ್ಮನಾಣೆ!"

ಕೈಯಲ್ಲಿದ್ದ ಮಾತ್ರೆ ಬಿಸಾಕಿ ಮೆಟ್ಟಿಲು ಹತ್ತಿದೆ. ಅಮ್ಮ ಮಂಚದಂಚಿಗೆ ವಾಲಿದ್ದಳು. ತುಟಿ ನೀಲಿ. ಬೆರಳು ಮೆಷಿನ್ನಿನ ಗುಂಡಿಯ ಮೇಲೇ ಇತ್ತು. ಆ ಬೆರಳು ಸರಿಸಿ ಗುಂಡಿ ಒತ್ತಿದೆ. ಮೆಷಿನ್ನು ಗುರ್ರೆಂದಿತು. "ಉಸಿರೆಳಿಯಮ್ಮ, ನಿನ್ನ ಕಾಲಿಗೆ ಬೀಳ್ತೀನಿ, ಎಳಿಯೇ" ಅಂತ ಎದೆ ತಿಕ್ಕಿದೆ, ಕೆನ್ನೆ ತಟ್ಟಿದೆ. ಎದೆ ಏಳಲಿಲ್ಲ.

ಕೆಳಗೆ ಹಾಡು ಗೊರಗೊರದಲ್ಲಿ ಮುಳುಗಿಹೋಯಿತು.

"ಅಯ್ಯೋ ಅಕ್ಕ, ಏನೇ ಅದು ಹಾಕಿದ್ದು?" ತಮ್ಮ ಕೂಗಿದ. "ಒಂದೇ ನಿಮಿಷ ಆರಿಸೇ, ಇನ್ನೇನು ಮುಗೀತು!"